ಮರಿಮೀನು ನುಸುಳುವ ಕಿಂಡಿ

ಮನೆಯಿಂದ
ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ನನ್ನ ಪ್ರೀತಿಯ ಅಣ್ಣಾ,

ಮಂಡಿನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಬಾಟಲಿಯನ್ನು ನೋಡಿಕೊಂಡೇ ವಾಸಿಯಾಗಲಿ ಅಂತ ಕೂತಿದ್ದೀಯೋ? ನಾವೆಲ್ಲ ಚೆನ್ನಾಗಿದ್ದೇವೆ ಅಂತ ಬರೆಯಬೇಕು, ಬರೆದಿದ್ದೇನೆ. ಅತ್ತಿಗೆ ಮಾತ್ರ ಎರಡು ವಾರದಿಂದ ಸರಿಯಾಗಿ ಊಟ ಮಾಡುತ್ತಿಲ್ಲ. ನಿಮ್ಮ ದೋಣಿಗೆ ಐಸ್ ತರುವ ಹಡಗಿನಲ್ಲಿ ಈ ಕಾಗದ ಕಳಿಸುತ್ತಿದ್ದೇನೆ.

ಪೇಟೆಂಟ್ ಅರ್ಜಿ ತಿರಸ್ಕಾರವಾಯಿತು, ವಿಷಯ ಮೊದಲೇ ಹೊರಬಿದ್ದಿತ್ತು ಅಂತ ಅತ್ತಿಗೆ ನಿನಗೆ ವೈರ್‌ಲೆಸ್‌ನಲ್ಲಿ ಹೇಳಿದ್ದಾರೆ, ಅವಸರದಲ್ಲಿ ಪೂರ್ತಿ ಹೇಳಲಾಗಲಿಲ್ಲವಂತೆ. ಬಲೆ ಎಳೆಯುವಾಗ ತೆರೆದು ಮರಿಮೀನನ್ನು ಹೊರಗೆ ಬಿಟ್ಟು, ಮೇಲೆತ್ತುವಾಗ ತಾನೇ ಮುಚ್ಚಿಕೊಳ್ಳುವ ನಿನ್ನ ಕಿಂಡಿ ಒಳ್ಳೆಯದೇ ಅಂತ ಪೇಟೆಂಟ್ ಕಚೇರಿಯವರೂ ಒಪ್ಪಿದ್ದಾರೆ. ಆದರೆ ನೀನು ಅರ್ಜಿ ಹಾಕುವುದಕ್ಕೆ ಎಂಟು ತಿಂಗಳು ಮೊದಲೇ ಅದರ ವಿವರ ಚಿತ್ರಸಮೇತ ಅಚ್ಚಾಗಿತ್ತಂತೆ. ಒಮ್ಮೆ ಅಚ್ಚಾದದ್ದು ಹೊಸದಲ್ಲ, ಕಾನೂನೇ ಹಾಗೆ. ಪೇಟೆಂಟ್ ಸಿಕ್ಕರೆ ದಡದಲ್ಲೇ ಮೇಸ್ತ್ರಿ ಕೆಲಸ ಕೊಡುತ್ತೇವೆ ಅಂದಿದ್ದ ಬಲೆ ಕಾರ್ಖಾನೆಯವರು ಈಗ ಆ ಕಿಂಡಿಯನ್ನೇ ತಮ್ಮ ಹೊಸ ಬಲೆಗಳಿಗೆ ಹೊಲಿಯುತ್ತಿದ್ದಾರೆ. ಯಾರನ್ನೂ ಕೇಳಬೇಕಾಗಿಲ್ಲವಲ್ಲ. ಆ ಮಂಡಿ ಇಟ್ಟುಕೊಂಡು ನಿನಗೆ ಮತ್ತೆ ಸಮುದ್ರವೇ ಗತಿಯಾಯಿತು. ಹೊಟ್ಟೆ ಉರಿಯುತ್ತದೆ ಕಣೋ.

ನಮ್ಮ ಮೀನುಗಾರಿಕೆ ಇಲಾಖೆಯಲ್ಲಿ ನನ್ನ ಕೆಲಸ ನಿನಗೆ ಗೊತ್ತೇ ಇದೆ, ದೇಶದಲ್ಲಿ ಯಾರು ಏನು ಹೊಸದು ಕಂಡುಹಿಡಿದರು ಅಂತ ಪಟ್ಟಿ ಮಾಡುವುದು. ಈ ವರ್ಷ ನಾನೂರ ಹನ್ನೆರಡು ಅರ್ಜಿ. ಸಾಹೇಬರು ಮೀಟಿಂಗಿನಲ್ಲಿ ಏರುತ್ತಿರುವ ಗೆರೆ ತೋರಿಸಿ ತಾವೇ ಕಂಡುಹಿಡಿದವರ ಹಾಗೆ ಬೀಗಿದರು. ಮುಕ್ಕಾಲು ಪಾಲು ಕಂಪನಿಗಳದ್ದು: ಮೀನು ಹುಡುಕುವ ಯಂತ್ರ, ಕೊಳದ ಮೀನಿನ ಮೇವು. ಉಳಿದದ್ದು ಕಾಲೇಜುಗಳದ್ದು. ದೋಣಿ ಹತ್ತುವವರದ್ದು ಒಂದೇ ಒಂದು, ನಿನ್ನದು. ನಿಮ್ಮಂಥವರಿಗೆ ಕಾಲಂ ಇರಲಿಲ್ಲ, ‘ಇತರೆ’ ಅನ್ನುವುದರಲ್ಲಿ ಸೇರಿಸಿದ್ದೆ. ಮಂಜೂರಾದವರ ಪಟ್ಟಿಯಲ್ಲಿ ಅದೇ ಕಾಲಂಗೆ ಮೊನ್ನೆ ಸೊನ್ನೆ ಹಾಕಿದವಳೂ ನಾನೇ.

ನಿನ್ನ ಜೊತೆ ಕೂತು ಆ ಕಿಂಡಿಯ ಒಂದೊಂದು ಗಂಟನ್ನೂ ಹಾಕಿದ ಗಡ್ಡನ ಮೇಲೆ ನೀನು ಕೆಂಡ ಕಾರುತ್ತಿದ್ದೀಯಂತೆ. “ಅವನೇ ಬಾಯಿ ಬಿಟ್ಟಿರೋದು, ದಡ ಸೇರ್ಲಿ, ಅವನಿಗಿದೆ” ಅಂದೆಯಂತೆ. ಒಂದೇ ದೋಣಿಯಲ್ಲಿದ್ದೂ ಮಾತು ಬಿಟ್ಟಿದ್ದೀರಂತೆ. ಇಪ್ಪತ್ತು ವರ್ಷದ ಸ್ನೇಹ ಅಣ್ಣಾ. ಕೋಪದ ಕೈಗೆ ಬುದ್ಧಿ ಕೊಡಬೇಡ.

ಮೈ ನೋಡಿಕೋ, ಒದ್ದೆ ಬಟ್ಟೆಯಲ್ಲಿ ಮಲಗಬೇಡ. ಮಕ್ಕಳು ಮುತ್ತು ಕಳಿಸಿದ್ದಾರೆ. ದೊಡ್ಡವನಾದ ನಿನಗೆ ನನ್ನ ನಮಸ್ಕಾರ.

ನಿನ್ನ ಬಾಯಿಬಡುಕಿ ತಂಗಿ

ವಿ.ಸೂ.: ಹಡಗಿನವನು ಕಾಗದಕ್ಕೆ ಬಂದು ಬಾಗಿಲಲ್ಲಿ ನಿಂತಿದ್ದಾನೆ, ಇನ್ನು ಸುತ್ತಿ ಬಳಸಿ ಬರೆಯಲಾರೆ. ಗಡ್ಡನದು ಏನೂ ತಪ್ಪಿಲ್ಲ. ಅದು ಅಚ್ಚಾದದ್ದು ನಮ್ಮ ಇಲಾಖೆಯ ಪತ್ರಿಕೆಯಲ್ಲಿ. ಬರೆದವಳು ನಾನು, ಚಿತ್ರ ಬಿಡಿಸಿದವಳೂ ನಾನು. ನಮ್ಮಣ್ಣ ಮಾಡಿದ್ದು ಅನ್ನುವ ಹೆಮ್ಮೆ. ಆಮೇಲೆ ನಿನ್ನ ಬೆನ್ನು ಹತ್ತಿ ಅರ್ಜಿ ಹಾಕಿಸಿದಾಗಲೂ ಹೊಳೆಯಲಿಲ್ಲ. ದಿನಾ ಪೇಟೆಂಟ್ ಪಟ್ಟಿ ಬರೆಯುವವಳಿಗೆ ಅಷ್ಟು ಕಾನೂನು ಗೊತ್ತಿರಲಿಲ್ಲ, ದೀಪದ ಬುಡದಲ್ಲೇ ಕತ್ತಲೆ. ಅತ್ತಿಗೆಗೆ ಇನ್ನೂ ಹೇಳಿಲ್ಲ, ಇವತ್ತು ಹೇಳುತ್ತೇನೆ. ನೀನು ಮೊದಲು ಗಡ್ಡನ ಹತ್ತಿರ ಹೋಗು. ನನ್ನನ್ನು ಬೈಯುವುದಕ್ಕೆ ಆಮೇಲೆ ಬಾ.