ಖಾಲಿ ಬಿಟ್ಟ ಮೂರು ತಿಂಗಳು

ಜೀವವೈವಿಧ್ಯ ಕಚೇರಿಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ನಿಮ್ಮ ಮಾತನ್ನು ನಾಲ್ಕು ವರ್ಷ ಚಾಚೂತಪ್ಪದೆ ಪಾಲಿಸಿದೆವು. ಅದರ ಫಲವಾಗಿ ಬರುವ ಸೋಮವಾರ ನಾಲ್ಕು ಮೊಟ್ಟೆಗಳ ಮೇಲೆ ಲಾರಿ ಮಣ್ಣು ಸುರಿಯಲಿದೆ. ಕ್ಷೇಮ ವಿಚಾರಿಸುವ ವ್ಯವಧಾನ ನನಗಿಲ್ಲ, ನೇರ ವಿಷಯಕ್ಕೆ ಬರುತ್ತೇನೆ.

ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಆಸ್ಪತ್ರೆಯ ಲಾಂಡ್ರಿಯಲ್ಲಿ ಮೂವತ್ತೊಂದು ವರ್ಷ ಹಾಸಿಗೆ ಬಟ್ಟೆ ಒಗೆದು ನಿವೃತ್ತಳಾದೆ. ಅಂಥವಳನ್ನು ನೀವು ಶಾಲೆಯ ಹಾಲ್‌ಗೆ ಕರೆಸಿ, ಪರದೆಯ ಮೇಲೆ ಚಿತ್ರ ತೋರಿಸಿ, ತಲೆಗೊಂದು ಟೋಪಿ ಇಟ್ಟು 'ನಾಗರಿಕ ವಿಜ್ಞಾನಿ' ಎಂದಿರಿ. ಟೋಪಿ ಹಾಕುವುದೆಂದರೇನೆಂದು ನನಗೆ ಈಗ ಅರ್ಥವಾಗಿದೆ. ಅಂದು ಮಾತ್ರ ನಿಜಕ್ಕೂ ಹಿಗ್ಗಿದ್ದೆ. ಹಳೆಯ ಹೆಂಚಿನ ಕಾರ್ಖಾನೆಯ ಹಿಂದಿನ ಹೊಂಡ ನಮ್ಮ ಪಾಲಿಗೆ ಬಂತು. ನಾನು, ನನ್ನ ಸೊಸೆ, ಪಕ್ಕದ ಮನೆಯ ನಿವೃತ್ತ ಬಸ್ ಕಂಡಕ್ಟರು, ಹೀಗೆ ಮೂರು ಜನ. ವಾರಕ್ಕೆರಡು ಬೆಳಿಗ್ಗೆ ಹೋಗುವುದು, ಕಂಡ ಹಕ್ಕಿಗಳನ್ನು ಎಣಿಸುವುದು, ಸೊಸೆ ಅದನ್ನು ಫೋನಿನಲ್ಲಿ ನಿಮ್ಮ ನಮೂನೆಯಲ್ಲಿ ತುಂಬಿ ಕಳಿಸುವುದು. ಮೊಣಕಾಲು ಬಾತ ದಿನವೂ ತಪ್ಪಿಸಿದವಳಲ್ಲ.

ಅಂದು ನೀವು ಕೊಟ್ಟ ಕಾರ್ಡು ಇನ್ನೂ ನನ್ನ ಕಪಾಟಿನ ಬಾಗಿಲಿಗೆ ಅಂಟಿಕೊಂಡಿದೆ. 'ಮಾರ್ಚ್‌ನಿಂದ ಮೇ ಗೂಡಿನ ಕಾಲ. ಈ ಅವಧಿಯಲ್ಲಿ ದಡದತ್ತ ಹೋಗಬೇಡಿ.' ಟಿಟ್ಟಿಭ ಹಕ್ಕಿ ನೆಲದ ಮೇಲೆ, ಬರೀ ಜಲ್ಲಿಕಲ್ಲಿನ ನಡುವೆ ಮೊಟ್ಟೆ ಇಡುತ್ತದೆ, ಮೊಟ್ಟೆಯೂ ಕಲ್ಲಿನ ಹಾಗೇ ಇರುತ್ತದೆ, ಮನುಷ್ಯ ಹತ್ತಿರ ಬಂದರೆ ತಾಯಿ ಎದ್ದು ಹೋಗುತ್ತದೆ, ಬಿಸಿಲಿಗೆ ಮೊಟ್ಟೆ ಬೆಂದು ಹೋಗುತ್ತದೆ ಎಂದು ಕಲಿಸಿದವರೂ ನೀವೇ. ನಾನು ಅದನ್ನು ನಂಬಿದೆ. ಮೊದಲನೇ ವರ್ಷ ಏಪ್ರಿಲ್‌ನಲ್ಲಿ ಕಂಡಕ್ಟರು ಚಡಪಡಿಸಿದ.

"ಅಕ್ಕಾ, ಒಂದೇ ಒಂದ್ ಸಲ. ದೂರದಿಂದ ಇಣುಕಿ ಬಂದ್‌ಬಿಡ್ತೀನಿ."

"ಬಾಣಂತಿ ಕೋಣೆಗೆ ನುಗ್ತೀಯೇನೋ? ನಾಚಿಕೆ ಇಲ್ವಾ ನಿಂಗೆ?"

"ನಾನೇನ್ ಟಿಕೆಟ್ ಕೇಳೋಕೆ ಹೋಗ್ತಿದ್ದೀನಾ? ನೋಡೋಕೆ ಅಷ್ಟೇ!"

"ಕಾಲು ಮುರೀತೀನಿ, ಕೂತ್ಕೋ."

ಕೂತುಕೊಂಡ. ನಾಲ್ಕು ವರ್ಷವೂ ಆ ಮೂರು ತಿಂಗಳು ನಾವು ಹೊಂಡದ ಕಡೆ ತಲೆ ಹಾಕಲಿಲ್ಲ. ನಮೂನೆಯನ್ನು ಖಾಲಿ ಬಿಟ್ಟೆವು. ನೋಡದೆ ಹೇಗೆ ಬರೆಯುವುದು? ಸುಳ್ಳು ಬರೆಯಬೇಕಿತ್ತೇ?

ಈಗ ಕಾರ್ಖಾನೆಯ ಗೇಟಿಗೆ ನಿಮ್ಮ ವರದಿ ಅಂಟಿಸಿದ್ದಾರೆ. ಸೊಸೆ ಓದಿ ಹೇಳಿದಳು. 'ನಾಲ್ಕು ವರ್ಷಗಳ ನಾಗರಿಕ ವೀಕ್ಷಣೆಯ ಪ್ರಕಾರ ಸದರಿ ಹೊಂಡದಲ್ಲಿ ಪಕ್ಷಿಗಳ ಸಂತಾನೋತ್ಪತ್ತಿ ಕಂಡುಬಂದಿರುವುದಿಲ್ಲ. ಆದ್ದರಿಂದ ಹೊಂಡ ಮುಚ್ಚಿ ವಾಹನ ನಿಲುಗಡೆ ನಿರ್ಮಿಸಲು ಅಭ್ಯಂತರವಿರುವುದಿಲ್ಲ.' ನಮ್ಮ ವೀಕ್ಷಣೆಯಂತೆ! ನೀವು ಕಣ್ಣು ಮುಚ್ಚಿಕೊಳ್ಳಿ ಎಂದಿರಿ, ಮುಚ್ಚಿಕೊಂಡೆವು. ಈಗ ನಮ್ಮನ್ನೇ ಸಾಕ್ಷಿಗೆ ನಿಲ್ಲಿಸಿ, ಇವರಿಗೇನೂ ಕಾಣಲಿಲ್ಲ ಎನ್ನುತ್ತೀರಲ್ಲ, ಇದು ಯಾವ ಸೀಮೆಯ ವಿಜ್ಞಾನ?

ಮರುದಿನವೇ ನಿಮ್ಮ ಕಚೇರಿಗೆ ಬಂದೆ. ನೀವು ಸಭೆಯಲ್ಲಿದ್ದಿರಿ. ಕಿಟಕಿಯ ಬಳಿಯ ಗುಮಾಸ್ತ ಒಳ್ಳೆಯವನು, ಕಂಪ್ಯೂಟರನ್ನೇ ನನ್ನ ಕಡೆ ತಿರುಗಿಸಿ ತೋರಿಸಿದ.

"ನೋಡಿ ಅಜ್ಜಿ, ಮಾರ್ಚ್ ಸೊನ್ನೆ, ಏಪ್ರಿಲ್ ಸೊನ್ನೆ, ಮೇ ಸೊನ್ನೆ."

"ಸೊನ್ನೆ ಅಲ್ಲಪ್ಪಾ ಅದು, ಖಾಲಿ. ನಾವು ಹೋಗೇ ಇರ್ಲಿಲ್ಲ."

"ಖಾಲಿ ಬಿಟ್ರೆ ಅದು ಸೊನ್ನೆ ಅಂತ ತಗೊಳ್ಳುತ್ತೆ ಅಜ್ಜಿ."

"ನಾನು ಊಟಕ್ಕೆ ಬರದಿದ್ರೆ ಮನೇಲಿ ಅನ್ನಾನೇ ಮಾಡಿಲ್ಲ ಅಂತಾನಾ?"

ಅವನು ನಕ್ಕ. ನನಗೆ ನಗು ಬರಲಿಲ್ಲ.

ಮಾನ್ಯರೇ, ಜೂನ್‌ನ ನಮೂನೆಗಳನ್ನಾದರೂ ಯಾರಾದರೂ ಓದಿದಿರಾ? ಫೆಬ್ರವರಿಯಲ್ಲಿ ಎರಡು ಟಿಟ್ಟಿಭ ಎಂದು ಬರೆದಿದ್ದೇವೆ. ಜೂನ್‌ನಲ್ಲಿ ಐದು. ಇನ್ನೊಂದು ವರ್ಷ ಎರಡಿದ್ದದ್ದು ನಾಲ್ಕು. ಹೊಸಬರು ಎಲ್ಲಿಂದ ಬಂದರು? ಬಸ್ಸು ಹತ್ತಿ ಬಂದರೇ? ಬಂದಿದ್ದರೆ ಕಂಡಕ್ಟರಿಗೆ ಗೊತ್ತಾಗುತ್ತಿರಲಿಲ್ಲವೇ? ಹೆಚ್ಚು ಓದದ ನನಗೆ ಹೊಳೆಯುವುದು ಅಷ್ಟು ಓದಿದ ನಿಮಗೆ ಹೊಳೆಯದೇ ಹೋಯಿತಲ್ಲ.

ಕೊನೆಗೆ ನಿಯಮ ಮುರಿದೆ. ಹೌದು, ನಾನೇ. ಹೋದ ಗುರುವಾರ ಬೆಳಿಗ್ಗೆ ಸೊಸೆಯನ್ನು ಕರೆದುಕೊಂಡು ಪೂರ್ವದ ದಡಕ್ಕೆ ಹೋದೆ. ಹಕ್ಕಿ ಕಿರುಚುತ್ತಾ ನಮ್ಮ ತಲೆಯ ಮೇಲೆಯೇ ಸುತ್ತಿತು. "ಅತ್ತೇ, ಕಾಲು! ಕಾಲು ಇಡ್ಬೇಡಿ!" ಎಂದು ಸೊಸೆ ನನ್ನ ತೋಳು ಹಿಡಿದೆಳೆದಳು. ನನ್ನ ಚಪ್ಪಲಿಗೆ ಒಂದು ಗೇಣು ಮುಂದೆ, ಜಲ್ಲಿಯ ನಡುವೆ, ಮಚ್ಚೆ ಮಚ್ಚೆಯ ನಾಲ್ಕು ಮೊಟ್ಟೆ. ಒಂದು ಫೋಟೋ ತೆಗೆದು ಹಿಂದೆ ನೋಡದೆ ಬಂದೆವು. ಇಷ್ಟು ವರ್ಷ ಬೇರೆಯವರನ್ನು ಗದರಿ ದೂರವಿಟ್ಟ ಜಾಗವನ್ನು ನಾನೇ ತುಳಿಯುವುದರಲ್ಲಿದ್ದೆ.

ಫೋಟೋಗೆ ನಿಮ್ಮ ಉತ್ತರ ಎರಡೇ ದಿನದಲ್ಲಿ ಬಂತು. ಯಾವತ್ತೂ ಇಲ್ಲದ ಚುರುಕು! 'ನಿಷೇಧಿತ ಅವಧಿಯಲ್ಲಿ ಪಡೆದ ದಾಖಲೆಯನ್ನು ಪರಿಗಣಿಸಲಾಗುವುದಿಲ್ಲ. ನಿಯಮ ಉಲ್ಲಂಘಿಸಿದ್ದರಿಂದ ತಮ್ಮ ನೋಂದಣಿಯನ್ನು ಅಮಾನತಿನಲ್ಲಿಡಲಾಗಿದೆ.' ಹೋಗದಿದ್ದರೆ ಗೂಡಿಲ್ಲ. ಹೋದರೆ ಕಂಡ ಗೂಡು ಲೆಕ್ಕಕ್ಕಿಲ್ಲ. ಹಾಗಾದರೆ ಆ ಹಕ್ಕಿ ತಾನೇ ನಿಮ್ಮ ಕಚೇರಿಗೆ ಬಂದು, ಸಾಲಿನಲ್ಲಿ ನಿಂತು ಅರ್ಜಿ ಕೊಡಬೇಕೇ?

ಟೋಪಿ ಬೇಕಾದರೆ ವಾಪಸು ತೆಗೆದುಕೊಳ್ಳಿ. ನೋಂದಣಿ ರದ್ದು ಮಾಡಿ, ನನ್ನ ಹೆಸರು ಹೊಡೆದುಹಾಕಿ. ಅದರ ಬಗ್ಗೆ ನನಗೆ ಚಿಂತೆಯಿಲ್ಲ. ನನ್ನ ನಿದ್ದೆ ಕೆಡಿಸಿರುವುದು ಬೇರೆ. ನಮೂನೆ ಖಾಲಿ ಬಿಡಿ ಎಂದು ಹಟ ಹಿಡಿದವಳು ನಾನು. ಇಣುಕಲು ಹೊರಟವನನ್ನು ಕೂರಿಸಿದವಳೂ ನಾನು. ಅವನು ಒಂದು ಸಲ ಇಣುಕಿದ್ದರೆ ನಿಮ್ಮ ಕಂಪ್ಯೂಟರಿನಲ್ಲಿ ಒಂದು ಗೂಡಾದರೂ ಇರುತ್ತಿತ್ತು. ಕಾಪಾಡುತ್ತಿದ್ದೇನೆ ಎಂದುಕೊಂಡು ನಾನೇ ಅವುಗಳ ಹೆಸರೇ ಇಲ್ಲದಂತೆ ಮಾಡಿದೆ. ಕಂಡಕ್ಟರು ಈಗಲೂ ಬಂದು ನನ್ನ ಮೊಣಕಾಲು ಹೇಗಿದೆ ಎಂದೇ ಕೇಳುತ್ತಾನೆ. ಬೈದರೆ ಚೆನ್ನಾಗಿತ್ತು.

ಪಶ್ಚಿಮದ ದಡ ಆಗಲೇ ಮುಚ್ಚಿಹೋಗಿದೆ. ಸೋಮವಾರ ಲಾರಿಗಳು ಪೂರ್ವಕ್ಕೆ ಬರುತ್ತವೆ. ನಾನು ಕೇಳುವುದು ಮೂರೇ ವಾರ. ಟಿಟ್ಟಿಭದ ಮರಿ ಮೊಟ್ಟೆಯಿಂದ ಹೊರಬಂದ ದಿನವೇ ಎದ್ದು ನಡೆಯುತ್ತದೆ ಎಂದು ಹಾಲ್‌ನಲ್ಲಿ ಹೇಳಿದ್ದಿರಿ. ಅಲ್ಲಿಯವರೆಗೆ ಪೂರ್ವದ ದಡಕ್ಕೆ ಮಣ್ಣು ಹಾಕಬಾರದು ಎಂದು ಒಂದು ಸಾಲಿನ ಆದೇಶ ಬರೆಯಿರಿ. ನನ್ನ ಮಾತು ಬೇಡ, ನಿಮ್ಮವನೊಬ್ಬನನ್ನು ಕಳಿಸಿ, ರಸ್ತೆಯಾಚೆಯಿಂದ ದುರ್ಬೀನಿನಲ್ಲಿ ನೋಡಲಿ. ಆ ಖಾಲಿ ಜಾಗಗಳಲ್ಲಿರುವ ಸೊನ್ನೆಗಳನ್ನು ಅಳಿಸಿ, 'ನೋಡಿಲ್ಲ' ಎಂದು ಬರೆಯಿರಿ.

ಲಾರಿಗೆ ಅಡ್ಡ ಮಲಗುತ್ತೇನೆ ಎಂದು ನಿಮ್ಮನ್ನು ಹೆದರಿಸಬೇಕೆಂದು ಬಹಳ ಆಸೆಯಿತ್ತು. ಆದರೆ ನಾನು ಆ ದಡದಲ್ಲಿ ಮಲಗಿದರೆ ತಾಯಿಹಕ್ಕಿ ಗೂಡಿಗೆ ಬರುವುದಿಲ್ಲ, ಮೊಟ್ಟೆ ಬಿಸಿಲಿಗೆ ಬೇಯುತ್ತದೆ. ಹೋಗಿ ಅಡ್ಡ ನಿಲ್ಲುವ ಹಕ್ಕೂ ನನಗಿಲ್ಲ. ದೂರದಿಂದಲೇ ಅದನ್ನು ಉಳಿಸಬಲ್ಲವರು ನೀವೊಬ್ಬರೇ. ಸಹಿ ಮಾಡಿ.

ಇಂತಿ,
ಹೇಳಿದಂತೆ ಕೇಳಿ ಕೆಟ್ಟವಳು,
ಸದ್ಯಕ್ಕೆ ಅಮಾನತಿನಲ್ಲಿರುವ ವಿಜ್ಞಾನಿ