ಕಪ್ಪು ಬಣ್ಣದಡಿಯ ಬೆಸುಗೆ

ಬಿಡುತಿಂಗಳು, ನಾಲ್ಕನೆಯ ದಿನ, 2127
ಸಂಡೂರು

ವಸುಂಧರಾ ಅವರಿಗೆ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗದು. ನಮಗೆ ವರ್ಷಕ್ಕೆ ಹದಿಮೂರು ತಿಂಗಳು. ಕೊನೆಯದು ಬಿಡುತಿಂಗಳು, ಊರಿನ ಯಂತ್ರಗಳನ್ನೆಲ್ಲ ಬಿಚ್ಚಿ ನೋಡುವ ಕಾಲ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಹೆಸರು ಸಿಕ್ಕಿದ್ದು ಕಾರಿನ ತಪಾಸಣೆ, ರಿಪೇರಿಗಳನ್ನು ಬರೆದಿಡುವ ಪುಸ್ತಕದಲ್ಲಿ. ನೂರು ವರ್ಷದ ಹಿಂದೆ ನೀವು ಕೊಂಡಿದ್ದ ಆ ಕಾರು ಇನ್ನೂ ಇದೆ. ನಾವು ಅದನ್ನು ಊರಬಂಡಿ ಎನ್ನುತ್ತೇವೆ, ಊರಿಗೆಲ್ಲ ಅದೊಂದೇ ಆದ್ದರಿಂದ. ಗುಡ್ಡದಾಚೆಯ ಆಸ್ಪತ್ರೆಗೆ ಹೋಗಬೇಕಾದವರು ಅದರಲ್ಲೇ ಹೋಗಬೇಕು.

ಅದನ್ನು ಪರೀಕ್ಷಿಸುವುದು ನನ್ನ ಕೆಲಸ. ಗೇರು ತಾನಾಗಿಯೇ ಬದಲಾಗುವ ಕಾರು. ಗೇರ್‌ಬಾಕ್ಸಿನ ಕೆಂಪು ಎಣ್ಣೆ ಕಾದು, ಮುಂದಿನ ಜಾಲರಿಯ ಹಿಂದಿರುವ ಪುಟ್ಟ ಕೂಲರಿನಲ್ಲಿ ಹರಿದು, ತಣ್ಣಗಾಗಿ ಮರಳಬೇಕು. ಕೂಲರನ್ನು ಬಿಚ್ಚಿ, ತೊಳೆದು, ಒಂದು ಬಾಯಿ ಮುಚ್ಚಿ, ಇನ್ನೊಂದರಿಂದ ಗಾಳಿ ತುಂಬಿ ತೊಟ್ಟಿಯ ನೀರಿನಲ್ಲಿ ಮುಳುಗಿಸುತ್ತೇನೆ. ಗುಳ್ಳೆ ಎದ್ದರೆ ಸೋರಿಕೆ. ಮೊದಲು ತಣ್ಣೀರಿನಲ್ಲಿ ಹತ್ತು ನಿಮಿಷ, ಆಮೇಲೆ ಬಿಸಿನೀರಿನಲ್ಲಿ ಹತ್ತು ನಿಮಿಷ. ಕಾದಾಗ ಮಾತ್ರ ಬಾಯಿಬಿಡುವ ಬಿರುಕುಗಳಿರುತ್ತವೆ. ನಮ್ಮಲ್ಲೊಂದು ಕಟ್ಟಳೆ ಇದೆ: ಸರಿ ಇದೆ ಎಂದು ಬರೆದವರೇ ಮೊದಲ ಸವಾರಿಯಲ್ಲಿ ಕೂರಬೇಕು.

ಹೋದ ವರ್ಷ ಇದೇ ದಿನ, ಕೂಲರು ತಣ್ಣೀರಿನಲ್ಲಿದ್ದಾಗ, ನನ್ನ ತಂಗಿ ಹುಲಿಗೆಮ್ಮನಿಗೆ ನೋವು ಶುರುವಾಯಿತು, ದಿನ ತುಂಬುವ ಮೊದಲೇ. ಗುಳ್ಳೆ ಏಳಲಿಲ್ಲ. ಒಲೆಯ ಮೇಲಿನ ನೀರು ಇನ್ನೂ ಕಾದಿರಲಿಲ್ಲ. ಸೊಂಟ ಹಿಡಿದು ತೊಟ್ಟಿಯ ಬಳಿ ಬಂದವಳು, "ಸಾಕು ಬಿಡಕ್ಕ, ಹೆರಿಗಿ ಅದಕ್ಕೋ, ನನಗೋ?" ಎಂದಳು. ಇಬ್ಬರೂ ನಕ್ಕೆವು. ಕೂಲರನ್ನು ಜೋಡಿಸಿ, ಸರಿ ಇದೆ ಎಂದು ಬರೆದು, ಅವಳ ಪಕ್ಕ ಕೂತೆ.

ಏರಿನ ನಡುವೆ ಇಂಜಿನ್ ಅಬ್ಬರಿಸಿತು, ಬಂಡಿ ಮುಂದೆ ಹೋಗಲಿಲ್ಲ. "ಎಷ್ಟ್ ಒತ್ತಿದ್ರೂ ಏರವಲ್ದಕ್ಕ," ಎಂದ ಓಡಿಸುತ್ತಿದ್ದ ದುರುಗಪ್ಪ. ಇಳಿದು ನೋಡಿದೆ. ಹಿಂದಿನ ತಿರುವಿನಿಂದಲೂ ರಸ್ತೆಯ ಮೇಲೆ ಕೆಂಪು ಎಣ್ಣೆ ಗೆರೆಯಾಗಿ ಬಿದ್ದಿತ್ತು. ಮಗು ಹಿಂದಿನ ಸೀಟಿನಲ್ಲೇ ಹುಟ್ಟಿತು. ಅದು ಉಳಿಯಿತು. ಹುಲಿಗೆಮ್ಮನ ರಕ್ತ ನಿಲ್ಲಲಿಲ್ಲ. ಆ ಹೊತ್ತಿನ ಬಿಸಿಲು ನೆನಪಿದೆ; ನನಗೆ ಏನನ್ನಿಸಿತೆಂಬುದು ನೆನಪಿಲ್ಲ. ಈಗಲೂ ಏನೂ ಅನ್ನಿಸುವುದಿಲ್ಲ. ಮಗುವಿಗೆ ಉಣಿಸುತ್ತೇನೆ, ಕೆಲಸಕ್ಕೆ ಬರುತ್ತೇನೆ.

ಆಮೇಲೊಂದು ದಿನ ಕೂಲರಿನ ಕಪ್ಪು ಬಣ್ಣ ಕೆರೆದೆ. ಅಡಿಯಲ್ಲಿ ಹಳೆಯ ಬೆಸುಗೆ, ಅದರ ಅಂಚಿನಲ್ಲಿ ಕೂದಲಿನಷ್ಟು ಬಿರುಕು. ಕೂಲರನ್ನು ರಿಪೇರಿಗೆ ಕೊಟ್ಟ ದಾಖಲೆ ಪುಸ್ತಕದಲ್ಲಿ ಒಂದೇ, ನಿಮ್ಮ ಅಕ್ಷರದಲ್ಲಿ: "ಕೂಲರ್ ನೋಡಿಸಿದೆ, ಸರಿ ಇದೆ." ಬೆಸುಗೆಯ ಮಾತಿಲ್ಲ. ನಿಮಗೂ ಅಂದು ಎಲ್ಲಿಗೋ ಹೋಗುವ ಅವಸರವಿದ್ದಿರಬಹುದು. ದೂರುತ್ತಿಲ್ಲ. ತಿಳಿದಿದ್ದರೆ ನೀರು ಕಾಯುವವರೆಗೆ ನಿಲ್ಲುತ್ತಿದ್ದೆ ಎಂದುಕೊಳ್ಳುತ್ತೇನೆ, ಖಾತ್ರಿಯಿಲ್ಲ.

ಒಂದು ಕೋರಿಕೆ. ಬೆಸುಗೆ ಹಾಕಿಸಿ, ಬೇಡವೆನ್ನುವುದಿಲ್ಲ. ಅದರ ಮೇಲೆ ಬಣ್ಣ ಬಳಿಸಬೇಡಿ. ನಿಮ್ಮ ಸಾಲಿನ ಪಕ್ಕ ಬೆಸುಗೆ ಎಂದು ಬರೆದಿಡಿ. ನನ್ನ ಸಾಲನ್ನು ನಾನು ಅಳಿಸಿಲ್ಲ. ಅದರ ಪಕ್ಕ ಇವತ್ತು ಬರೆದೆ: ಬಿಸಿನೀರಿನಲ್ಲಿ ನೋಡಿರಲಿಲ್ಲ.

ಚಂಪಾವತಿ