ಒಂಬತ್ತನೇ ನಂಬರಿನ ಮೆಟ್ಟಿಲು ಮತ್ತು ಅರ್ಧಕ್ಕೆ ಕತ್ತರಿಸಿದ ಮಾತು

ಇನ್ವರ್‌ಕೆಲ್ಡಿ ಪುರಸಭೆಯ ಪರಂಪರೆ ಮತ್ತು ನವೀಕರಣ ವಿಭಾಗದ ಹಿರಿಯ ಅಧಿಕಾರಿಗಳಿಗೆ,

ಮಾನ್ಯರೇ,

ಎಂಬತ್ತಾರು ವರ್ಷದ ಹೆಂಗಸೊಬ್ಬಳು ಆಡಿದ ತಮಾಷೆಯನ್ನು ನಡುವಿಗೆ ಕತ್ತರಿಸಿ, ಮೊದಲರ್ಧವನ್ನು ಮಾತ್ರ ಅಚ್ಚು ಹಾಕಿಸಿ, ಅದನ್ನೇ ಸಾಕ್ಷಿಯೆಂದು ಮುಂದಿಟ್ಟು, ಅವಳು ವಾಸವಿರುವ ಕಟ್ಟಡವನ್ನು ಕೆಡವಲು ತಾವು ಹೊರಟಿದ್ದೀರಿ. ನನ್ನ ದೂರು ಇಷ್ಟೇ. ಇದನ್ನು ತಮ್ಮ ಕಚೇರಿಗೆ ಮೂರು ಸಲ ಬರೆದು ತಿಳಿಸಿದ್ದೇನೆ. ಮೂರು ಸಲವೂ 'ತಮ್ಮ ಅಭಿಪ್ರಾಯ ನಮಗೆ ಅಮೂಲ್ಯ' ಎಂಬ ಒಂದೇ ಸಾಲಿನ ಉತ್ತರ ಬಂತು. ಅಮೂಲ್ಯವಾದದ್ದು ಕೈಗೆ ಸಿಕ್ಕರೆ ತಾವು ಅದನ್ನು ಏನು ಮಾಡುತ್ತೀರಿ ಎಂಬುದು ಈಗ ಊರಿಗೆಲ್ಲ ಗೊತ್ತಿರುವುದರಿಂದ, ನಾಲ್ಕನೆಯ ಪತ್ರವನ್ನು ಪತ್ರಿಕೆಗೇ ಕೊಡುತ್ತಿದ್ದೇನೆ.

ಕಳೆದ ನವೆಂಬರಿನಲ್ಲಿ ಗ್ರಂಥಾಲಯದ ಬಾಗಿಲಿಗೆ ತಾವೊಂದು ಕಾಗದ ಅಂಟಿಸಿದಿರಿ. 'ನಮ್ಮ ಹಳೆಯ ಕಟ್ಟಡಗಳು, ನಮ್ಮ ಹಳೆಯ ಬೀದಿಗಳು. ಬನ್ನಿ, ನೆನಪು ಹಂಚಿಕೊಳ್ಳಿ. ಚಹಾ ಉಂಟು.' ನಾನು ಅದನ್ನು ಓದಿ ಹಿಗ್ಗಿದೆ. ಎದುರು ಮನೆಯ ಬೀನಿ ಕಿನ್‌ಲಾಕ್‌ಗೆ ಹೇಳಿದೆ. ಸಾಲ್ಟ್‌ಪ್ಯಾನ್ ಓಣಿಯ ಒಂಬತ್ತನೇ ನಂಬರಿನ ಮೂರನೇ ಅಂತಸ್ತಿನಲ್ಲಿ ಅವಳ ಬಾಗಿಲು, ನನ್ನ ಬಾಗಿಲು ಎದುರುಬದುರು. ಅವಳಿಗೆ ಬರುವ ಮನಸ್ಸಿರಲಿಲ್ಲ.

"ನಂಗ್ಯಾಕೇ ಅದೆಲ್ಲ? ನೆನಪಿನ್ ಒಳ್ಗೇ ಕೂತಿದೀನಿ, ನೆನಪು ಮಾಡ್ಕೊಳ್ಳೋಕೆ ಲೈಬ್ರರಿಗ್ ಬೇರೆ ಹೋಗ್ಬೇಕಾ?"

"ಚಹಾ ಕೊಡ್ತಾರಂತೆ ಬೀನೀ."

"ಪುರಸಭೆ ಚಹಾನಾ? ಅದಕ್ಕಿಂತ ಮಳೆನೀರು ವಾಸಿ."

ಆದರೂ ನಾನು ಬಿಡಲಿಲ್ಲ. ಕೋಟು ತೊಡಿಸಿ, ಅರವತ್ತೆರಡು ಮೆಟ್ಟಿಲು ಕೈಹಿಡಿದು ಇಳಿಸಿ ಕರೆತಂದೆ. ಇದನ್ನು ನೆನಪಿಡಿ, ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ.

ಅಂದು ಮಧ್ಯಾಹ್ನ ಗ್ರಂಥಾಲಯ ತುಂಬಿತ್ತು. ಬಿಸ್ಕತ್ತಿನ ಡಬ್ಬಿಗಳಲ್ಲಿ ಹಳೆಯ ಫೋಟೋಗಳು ಬಂದಿದ್ದವು. ಕೆಡವಿ ಹಾಕಿದ ಪೀಪಾಯಿ ಮಾಡುವವರ ಅಂಗಳ, ಮೀನುಗಾರರ ಕೇರಿಯತ್ತ ತಿರುಗಿದ ಮುಖಕ್ಕೆ ಮುಳ್ಳೇ ಇಲ್ಲದ ಚರ್ಚಿನ ಗಡಿಯಾರ, ಸೋಮವಾರ ಇಡೀ ಓಣಿಯ ಬಟ್ಟೆ ಬೇಯುತ್ತಿದ್ದ ಒಗೆಯುವ ಮನೆ ಎಲ್ಲವೂ ಮೇಜಿನ ಮೇಲೆ ಹರಡಿಕೊಂಡವು. ಹೆಂಚಿನ ಕೆಲಸದ ವಾಟೀ ಡ್ರೈಬರ್ಗ್ ಊರಿನ ಯಾವ ಮಾಡಿನ ಮೇಲಿಂದ ಯಾವ ವರ್ಷ ಜಾರಿ ಬಿದ್ದೆ ಎಂದು ಒಂದೊಂದಾಗಿ ಹೇಳಿ ಎಲ್ಲರನ್ನೂ ನಗಿಸಿದ. ತಾವು ಮುಂದೆ ಕುಳಿತು, ಧ್ವನಿಮುದ್ರಣದ ಯಂತ್ರವನ್ನು ಚಾಲೂ ಮಾಡಿ, ಬೀನಿ ತಂದಿದ್ದ ಒಣದ್ರಾಕ್ಷಿಯ ಕಡುಬಿನ ಎರಡು ಹೋಳು ತಿಂದಿರಿ. ಎರಡಲ್ಲ, ಮೂರು.

ಆಮೇಲೆ ಬೀನಿ ಎದ್ದು ನಿಂತಳು. ಅವಳು ಹೇಳಿದ್ದನ್ನು ಪೂರ್ತಿಯಾಗಿ ಇಲ್ಲಿ ಬರೆಯುತ್ತೇನೆ, ಏಕೆಂದರೆ ಪೂರ್ತಿಯಾಗಿ ಬರೆಯುವ ಅಭ್ಯಾಸ ತಮ್ಮ ಕಚೇರಿಗಿಲ್ಲ.

"ಒಂಬತ್ತನೇ ನಂಬರಾ? ಅಯ್ಯೋ, ಅದೊಂದು ಮನೇನಾ! ಗೋಡೆ ಎಷ್ಟು ತೇವ ಅಂದ್ರೆ, ನನ್ ಗಂಡ ಡಾಡ್ ಭಾನುವಾರ ಬೆಳಿಗ್ಗೆ ಗೋಡೇಲ್ ಬೆಳ್ದಿರೋ ಅಣಬೆ ಕಿತ್ತು ಹುರ್ಕೊಂಡು ತಿಂತಿದ್ದ. ಅರವತ್ತೊಂದು ವರ್ಷದಿಂದ ಹೇಳ್ತಾನೇ ಇದೀನಿ, ಇಂಥ ಮನೇನ ಡೈನಮೈಟ್ ಇಟ್ಟು ಉಡಾಯಿಸ್ಬೇಕು ಅಂತ. ಏನ್ ಮಾಡೋದು, ಡೈನಮೈಟೂ ತೇವ ಆಗಿ ಠುಸ್ ಅಂದ್ಬಿಡುತ್ತೆ!"

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಬೀನಿ ಕೆಂಪಗಾಗಿ ಕುಳಿತಳು. ಡಾಡ್ ತೀರಿಕೊಂಡ ಮೇಲೆ ಅವಳು ಅಷ್ಟು ಜನರ ಮುಂದೆ ಬಾಯಿ ಬಿಟ್ಟದ್ದು ಅದೇ ಮೊದಲು.

ಫೆಬ್ರವರಿಯಲ್ಲಿ ತಮ್ಮ ವರದಿ ಬಂತು. ಹೆಸರು 'ಸಮುದಾಯದ ಧ್ವನಿ'. ನಲವತ್ತಾರು ಪುಟ, ನುಣುಪು ಕಾಗದ. ಒಂಬತ್ತನೇ ನಂಬರನ್ನು ಕೆಡವಿ ಅಲ್ಲಿ ವಾಹನ ನಿಲ್ದಾಣ ಮಾಡಬೇಕು, ಅದರ ಮೂಲೆಯಲ್ಲಿ 'ಪರಂಪರೆ ಚೌಕ'ವೆಂದು ಒಂದು ಬೆಂಚು ಹಾಕಿ ನಮ್ಮ ನೆನಪುಗಳ ಫಲಕ ನಿಲ್ಲಿಸಬೇಕು ಎಂಬುದು ಅದರ ಸಾರಾಂಶ. ಮನೆ ಕೆಡವಿ ಮನೆಯ ನೆನಪಿಗೆ ಫಲಕ ನೆಡುವ ಈ ಉಪಾಯ ತಮಗೆ ಎಲ್ಲಿ ಹೊಳೆಯಿತು? ಹನ್ನೊಂದನೇ ಪುಟದಲ್ಲಿ ಬೀನಿಯ ಫೋಟೋ. ಕೆಳಗೆ ದಪ್ಪ ಅಕ್ಷರದಲ್ಲಿ: 'ಇಂಥ ಮನೆಯನ್ನು ಡೈನಮೈಟ್ ಇಟ್ಟು ಉಡಾಯಿಸಬೇಕು. ಶ್ರೀಮತಿ ಬೀನಿ ಕಿನ್‌ಲಾಕ್, ನಿವಾಸಿ.' ಅಲ್ಲಿಗೆ ಪೂರ್ಣವಿರಾಮ. ಆ ಪೂರ್ಣವಿರಾಮ ಬೀನಿಯದಲ್ಲ, ತಮ್ಮದು.

ತಾವು ಎಡಿನ್‌ಬರೋದಿಂದಲೋ ಲಂಡನ್ನಿನಿಂದಲೋ ಬಂದವರಾಗಿದ್ದರೆ, ಪಾಪ, ಇವರಿಗೆ ನಮ್ಮ ಮಾತು ತಿಳಿಯದು ಎಂದು ಸುಮ್ಮನಾಗುತ್ತಿದ್ದೆ. ಈ ಊರಿನಲ್ಲಿ ಯಾರೂ ಪ್ರೀತಿಯ ವಸ್ತುವನ್ನು ಹೊಗಳುವುದಿಲ್ಲ. ಮಗಳು ಮದುವೆಯ ಉಡುಪಿನಲ್ಲಿ ಬಂದು ನಿಂತರೆ ತಾಯಿ 'ಪರವಾಗಿಲ್ಲ' ಎನ್ನುತ್ತಾಳೆ, ಆಮೇಲೆ ಅಡುಗೆಮನೆಗೆ ಹೋಗಿ ಅಳುತ್ತಾಳೆ. ಡಾಡ್‌ನ ಅಂತ್ಯಕ್ರಿಯೆಯ ದಿನ ಪಾದ್ರಿಗಳು ಎರಡು ಮಾತು ಹೇಳಿ ಎಂದಾಗ ಬೀನಿ "ಕೆಟ್ಟೋನೇನಲ್ಲ" ಎಂದಳು. ಅಷ್ಟು ಹೇಳಿ ಬಂದು ಕುಳಿತವಳು ಸಂಜೆಯವರೆಗೂ ನನ್ನ ಕೈ ಬಿಡಲಿಲ್ಲ. ನಮಗೆ ಬೇಡದ ವಸ್ತುವನ್ನು ಮಾತ್ರ ನಾವು ಬಾಯಿತುಂಬ ಹೊಗಳುತ್ತೇವೆ. ತಮ್ಮ ಗಾಜಿನ ಹೊಸ ಪುರಭವನ ತೆರೆದ ದಿನ ನಾವೆಲ್ಲ 'ಬಹಳ ಚೆನ್ನಾಗಿದೆ' ಎಂದು ತಮ್ಮ ಕೈಕುಲುಕಿದೆವಲ್ಲ, ನೆನಪಿದೆಯೇ?

ಆದರೆ ತಾವು ಹೊರಗಿನವರಲ್ಲ. ನೆನಪು ಹಂಚಿಕೊಳ್ಳಿ ಎಂದು ತಾವೇ ಕೇಳಿದ್ದೀರಿ, ಹಂಚಿಕೊಳ್ಳುತ್ತೇನೆ. ತಮ್ಮ ಅಜ್ಜಿ ಇದೇ ಒಂಬತ್ತನೇ ನಂಬರಿನ ನೆಲಮಹಡಿಯಲ್ಲಿದ್ದರು. ಒಂಬತ್ತು ವರ್ಷದ ತಾವು ಶಾಲೆ ಬಿಟ್ಟ ಮೇಲೆ ಅಲ್ಲಿಗೇ ಬರುತ್ತಿದ್ದಿರಿ. ಒಂದು ದಿನ ಎರಡನೇ ಅಂತಸ್ತಿನ ಮೆಟ್ಟಿಲ ಕಂಬಿಯೊಳಗೆ ತಲೆ ತೂರಿಸಿ ಸಿಕ್ಕಿಹಾಕಿಕೊಂಡಿರಿ. ತಮ್ಮ ಕಿವಿಗಳು ಆಗಲೂ ದೊಡ್ಡವೇ. ಇಡೀ ಓಣಿಗೆ ಕೇಳುವಂತೆ ಅರಚುತ್ತಿದ್ದಿರಿ. ವಾಟೀ ಗರಗಸ ತಂದ. ತಮ್ಮ ಅಜ್ಜಿ, "ಕಂಬಿ ಕುಯ್ಬೇಡ್ವೋ, ಅದು ಗಟ್ಟಿ ಮಾಲು. ತಲೆ ಬೇಕಾದ್ರೆ ಕುಯ್ಯಿ" ಎಂದರು. ಕೊನೆಗೆ ಬೀನಿ ಬಾಣಲೆಯಿಂದ ಕೊಬ್ಬು ತೆಗೆದು ಎರಡೂ ಕಿವಿಗೆ ಸವರಿ, "ಅಳ್ಬೇಡ ಮರೀ, ನಿನ್ ತಲೇಲಿ ಅಂಥದ್ದೇನೂ ಇಲ್ಲ, ಜಾರ್ಕೊಂಡು ಬರುತ್ತೆ" ಎಂದು ಸಮಾಧಾನ ಮಾಡುತ್ತ ಮುಂದಿನಿಂದ ತಳ್ಳಿದಳು. ಹಿಂದಿನಿಂದ ಸೊಂಟ ಹಿಡಿದು ಎಳೆದವಳು ನಾನು, ಆಗ ನನಗೆ ಇಪ್ಪತ್ತಮೂರು. ಬೀನಿಯ ಮಾತಿನಲ್ಲಿ ಬೈಗುಳ ಎಷ್ಟು, ಪ್ರೀತಿ ಎಷ್ಟು ಎಂಬುದು ಈ ಭೂಮಿಯ ಮೇಲೆ ಯಾರಿಗಾದರೂ ಗೊತ್ತಿದ್ದರೆ ಅದು ತಮ್ಮ ಆ ಎರಡು ಕಿವಿಗಳಿಗೆ.

ಈಗ ಕಾರ್ಡಿನ ವಿಷಯ. ತಮಗೆ ಗೊತ್ತು, ಪತ್ರಿಕೆ ಓದುವ ಹೊಸ ಬಡಾವಣೆಯ ಜನರಿಗಾಗಿ ಹೇಳುತ್ತೇನೆ. ನಮ್ಮ ಮೆಟ್ಟಿಲು ಎಲ್ಲರಿಗೂ ಸೇರಿದ್ದು, ತೊಳೆಯುವುದು ಸರದಿಯ ಮೇಲೆ. 'ಮೆಟ್ಟಿಲು ತೊಳೆಯುವ ಸರದಿ ನಿಮ್ಮದು' ಎಂದು ಬರೆದ ರಟ್ಟಿನ ಕಾರ್ಡೊಂದಿದೆ, ದಾರ ಕಟ್ಟಿದ್ದು. ಅದು ಯಾರ ಬಾಗಿಲ ಹಿಡಿಗೆ ತೂಗುತ್ತದೋ ಅವರು ಆ ವಾರ ಬಕೆಟ್ಟು, ಬ್ರಷ್ಷು ಹಿಡಿದು ಮಂಡಿಯೂರಬೇಕು. ತೊಳೆದಾದ ಮೇಲೆ ಮೆಟ್ಟಿಲಿನ ಅಂಚಿಗೆ ಬಿಳಿ ಜೇಡಿಮಣ್ಣಿನಿಂದ ಬಳ್ಳಿಯ ಚಿತ್ತಾರ ಎಳೆಯಬೇಕು. ಒಬ್ಬೊಬ್ಬರ ಬಳ್ಳಿ ಒಂದೊಂದು ಬಗೆ. ಬೀನಿಯದು ಒಂದರೊಳಗೊಂದು ಹೆಣೆದ ಸುರುಳಿ. ತೊಳೆದವರೇ ಕಾರ್ಡು ತೆಗೆದು ಮುಂದಿನ ಬಾಗಿಲಿಗೆ ತೂಗುಹಾಕಬೇಕು, ತೊಳೆಯದವರು ಅದನ್ನು ಮುಟ್ಟುವಂತಿಲ್ಲ. ಕಾರ್ಡು ಒಂದೇ ಬಾಗಿಲಲ್ಲಿ ಎರಡನೇ ವಾರ ತೂಗಿತೆಂದರೆ ಆ ಮನೆಯವರು ಬೀದಿಯಲ್ಲಿ ತಲೆಯೆತ್ತುವಂತಿಲ್ಲ. ಅರವತ್ತೊಂದು ವರ್ಷದಲ್ಲಿ ಬೀನಿ ಒಂದು ಸರದಿಯನ್ನೂ ತಪ್ಪಿಸಿಲ್ಲ. ಹೆರಿಗೆಯಾದ ವಾರವೂ ಇಲ್ಲ, ಡಾಡ್ ಹೋದ ವಾರವೂ ಇಲ್ಲ. ಎಂಬತ್ತು ದಾಟಿದ ಮೇಲೆ ನಾವು 'ಇನ್ನು ನಿನಗೆ ವಿನಾಯಿತಿ' ಎಂದದ್ದಕ್ಕೆ ನನ್ನ ಜೊತೆ ಹದಿನೈದು ದಿನ ಮಾತು ಬಿಟ್ಟಿದ್ದಳು.

ತಮ್ಮ ವರದಿ ಬಂದ ಮೇಲೆ ಆ ಕಾರ್ಡು ಅವಳ ಬಾಗಿಲಲ್ಲಿ ಮೂರು ವಾರ ತೂಗಿತು.

ಮೊದಲ ವಾರ ಮೈಗೆ ಹುಷಾರಿಲ್ಲವೇನೋ ಎಂದುಕೊಂಡೆ. ಎರಡನೇ ವಾರ ಬಾಗಿಲು ತಟ್ಟಿದೆ. ಒಲೆಯ ಪಕ್ಕದ ಕುರ್ಚಿಯಲ್ಲಿ, ಹನ್ನೊಂದನೇ ಪುಟ ತೆರೆದ ತಮ್ಮ ವರದಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು.

"ನಾನೇ ಅಂದಿದ್ದಲ್ವೇನೇ ನೆಟ್ಟೀ? ನೋಡು, ಅಚ್ಚಾಗಿದೆ."

"ಅರ್ಧ ಮಾತು ಹಾಕಿದಾರೆ ಬೀನೀ. ನೀನು ಹೇಳಿದ್ದು ಪೂರ್ತಿ ಇದ್ಯಾ ಅದ್ರಲ್ಲಿ?"

"ಬಾಯಿಂದ ಬಂದಿದ್ದು ನಂದೇ ತಾನೆ? ಇಷ್ಟು ಜನದ ಮನೇನ ಒಂದು ತಮಾಷೆಗೆ ಹಾಳ್ಮಾಡ್ಬಿಟ್ನಲ್ಲೇ. ಡಾಡ್ ಇದ್ದಿದ್ರೆ ಏನಂತಿದ್ನೋ."

"ಮೆಟ್ಟಿಲು ನಾನ್ ತೊಳೀಲಾ?"

"ಬೀಳೋ ಮನೆ ಮೆಟ್ಟಿಲು ಯಾರಾದ್ರೂ ತೊಳೀತಾರಾ?"

ಅಂದಿನಿಂದ ಅವಳು ನನ್ನ ಮುಖ ನೋಡಿ ಮಾತಾಡಿಲ್ಲ. ಎದುರು ಸಿಕ್ಕಿದ ಒಬ್ಬೊಬ್ಬ ನೆರೆಯವರಿಗೂ "ತಪ್ಪಾಯ್ತು" ಎನ್ನುತ್ತಾಳೆ. ಮಾನ್ಯರೇ, ಕಟ್ಟಡ ಕೆಡವಲು ತಮಗೆ ಯಂತ್ರ ಬೇಕು, ಪರವಾನಗಿ ಬೇಕು, ಸಭೆ ಬೇಕು. ಬೀನಿಯನ್ನು ಕೆಡವಲು ಒಂದು ಚುಕ್ಕೆ ಸಾಕಾಯಿತು. ಇದಕ್ಕೆ ನಾನು ತಮ್ಮನ್ನು ಕ್ಷಮಿಸುವುದಿಲ್ಲ. ಚರ್ಚಿನಲ್ಲಿ ಪ್ರತಿ ಭಾನುವಾರ ಕ್ಷಮೆಯ ಬಗ್ಗೆ ಕೇಳುತ್ತೇನೆ, ತಮ್ಮ ಹಿಂದಿನ ಸಾಲಿನಲ್ಲೇ ಕುಳಿತು ಕೇಳುತ್ತೇನೆ, ತಮ್ಮ ಕಿವಿಗಳನ್ನೇ ನೋಡುತ್ತ ಕೇಳುತ್ತೇನೆ. ಆದರೂ ಮನಸ್ಸಾಗುತ್ತಿಲ್ಲ.

ಧ್ವನಿಮುದ್ರಣವನ್ನು ಕೇಳಲು ಕೊಡಿ ಎಂದು ಅರ್ಜಿ ಹಾಕಿದೆವು. 'ತಾಂತ್ರಿಕ ಕಾರಣಗಳಿಂದ ಲಭ್ಯವಿಲ್ಲ' ಎಂದಿರಿ. ಬೇಸರ ಬೇಡ, ನಮ್ಮಲ್ಲಿ ಲಭ್ಯವಿದೆ. ಗ್ರಂಥಾಲಯದ ಆ ಸಭೆಯ ದಿನ ವಾಟೀಯ ತಂಗಿ ಕಾಲು ಮುರಿದುಕೊಂಡು ಮನೆಯಲ್ಲಿದ್ದಳು. ಅವಳಿಗೆ ಕೇಳಿಸಲೆಂದು ಆತ ತನ್ನ ಹಳೆಯ ಟೇಪ್ ರೆಕಾರ್ಡರನ್ನು ತೊಡೆಯ ಮೇಲೆ ಟೋಪಿಯ ಕೆಳಗಿಟ್ಟುಕೊಂಡು ಕುಳಿತಿದ್ದ. ಕಳೆದ ವಾರ ನಾವು ಆರು ಜನ ಅವನ ಅಡುಗೆಮನೆಯಲ್ಲಿ ಅದನ್ನು ಕೇಳಿದೆವು. ಡೈನಮೈಟೂ ತೇವವಾಗುತ್ತದೆ ಎಂದು ಬೀನಿ ಹೇಳಿದ ಕೂಡಲೆ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ಒಬ್ಬ ಗಂಡಸು ನಗುತ್ತಾನೆ. ಆಮೇಲೆ ಬಾಯಿಯಲ್ಲಿ ಕಡುಬು ಇಟ್ಟುಕೊಂಡೇ ಹೇಳುತ್ತಾನೆ: "ಅಯ್ಯೋ ಬೀನೀ ಆಂಟೀ, ನೀವು ಆ ಮನೆ ಬಿಟ್ಟು ಎಲ್ಲೂ ಹೋಗಲ್ಲ ಬಿಡಿ, ಹೊತ್ಕೊಂಡೇ ಹೋಗ್ಬೇಕು!" ಆ ದನಿ ಯಾರದೆಂದು ನಾನು ಬರೆಯಬೇಕಾಗಿಲ್ಲ. ತಿಳಿಯದೆ ಕತ್ತರಿಸಿದೆ ಎಂದು ತಾವು ಹೇಳಬಹುದಾಗಿದ್ದ ಒಂದೇ ಒಂದು ಸುಳ್ಳೂ ಇದರೊಂದಿಗೆ ಮುಗಿಯಿತು.

ಮುಂದಿನ ಗುರುವಾರ ಕಟ್ಟಡದ ಅಹವಾಲು ಸಭೆ. ಅದರೊಳಗೆ ಆ ವರದಿಯನ್ನು ಹಿಂತೆಗೆದುಕೊಳ್ಳಿ, ಹನ್ನೊಂದನೇ ಪುಟ ಸುಳ್ಳೆಂದು ಇದೇ ಪತ್ರಿಕೆಯಲ್ಲಿ ತಮ್ಮ ಕೈಯಾರೆ ಬರೆಯಿರಿ. ಇಲ್ಲವಾದರೆ ತಮ್ಮ ಗಾಜಿನ ಭವನದಲ್ಲಿ, ತಮ್ಮ ಮೇಲಧಿಕಾರಿಗಳ ಮುಂದೆ, ವಾಟೀ ತನ್ನ ಟೋಪಿ ಎತ್ತುತ್ತಾನೆ. ಆ ಭವನದಲ್ಲಿ ದನಿ ಬಹಳ ಚೆನ್ನಾಗಿ ಕೇಳಿಸುತ್ತದಂತೆ.

ಇಷ್ಟಕ್ಕೇ ತಾವು ಪಾರಾಗುವುದಿಲ್ಲ. ಇಂದು ಬೆಳಿಗ್ಗೆ ಬೀನಿಯ ಬಾಗಿಲಿನಿಂದ ಆ ಕಾರ್ಡನ್ನು ನಾನೇ ಬಿಚ್ಚಿದೆ. ತೊಳೆಯದೆ ಮುಟ್ಟಿದ್ದು ಇದೇ ಮೊದಲ ಸಲ. ನೇರವಾಗಿ ತಮ್ಮ ಕಚೇರಿಗೆ ಬಂದು ತಮ್ಮ ಕೋಣೆಯ ಬಾಗಿಲ ಹಿಡಿಗೆ ತೂಗುಹಾಕಿದೆ. ಎದುರು ಮೇಜಿನ ಹುಡುಗಿ ನೋಡಿದಳು. ಅವಳು ಗಿರಣಿ ಬೀದಿಯವಳು, ಕಾರ್ಡು ಎಂದರೇನೆಂದು ಅವಳಿಗೂ ಗೊತ್ತು. "ನಾನ್ ಮುಟ್ಟಲ್ಲಮ್ಮ" ಎಂದಳು. ಅರವತ್ತೆರಡು ಮೆಟ್ಟಿಲು, ಮಾನ್ಯರೇ. ಬಕೆಟ್ಟು ನಾನು ಕೊಡುತ್ತೇನೆ, ಬಿಳಿ ಜೇಡಿ ತಾವು ತನ್ನಿ. ಎರಡನೇ ಅಂತಸ್ತಿನಲ್ಲಿ ಆ ಕಂಬಿ ಇನ್ನೂ ಇದೆ, ಅಲ್ಲಿ ಬೇಕಾದರೆ ಸ್ವಲ್ಪ ದಣಿವಾರಿಸಿಕೊಳ್ಳಿ. ಕೊನೆಯ ಮೆಟ್ಟಿಲಿಗೆ ಬಳ್ಳಿ ಎಳೆದು ಮುಗಿಸಿದ ಮೇಲೆ ಬೀನಿಯ ಬಾಗಿಲು ತಟ್ಟಿ. ಅವಳು ಬಂದು ನೋಡುತ್ತಾಳೆ. 'ಪರವಾಗಿಲ್ಲ' ಎಂದರೆ ತಾವು ಬದುಕಿದಿರಿ, ಅವಳೂ ಬದುಕಿದಳು. 'ಬಹಳ ಚೆನ್ನಾಗಿದೆ' ಎಂದರೆ ಗುರುವಾರ ಸಭೆಗೆ ಬರಲೇಬೇಡಿ.

ಇಂತಿ,
ತಮ್ಮನ್ನು ಒಮ್ಮೆ ಆ ಕಂಬಿಯಿಂದ ಹೊರಗೆಳೆದವಳು, ಬೀನಿಯನ್ನು ಕೈಹಿಡಿದು ತಮ್ಮ ಸಭೆಗೆ ಕರೆತಂದವಳು (ಎರಡಕ್ಕೂ ಈಗ ಪಶ್ಚಾತ್ತಾಪಪಡುತ್ತಿರುವವಳು),
ನೆಟ್ಟೀ ಗಿಲ್‌ಫಿಲನ್
ಒಂಬತ್ತನೇ ನಂಬರು, ಸಾಲ್ಟ್‌ಪ್ಯಾನ್ ಓಣಿ, ಇನ್ವರ್‌ಕೆಲ್ಡಿ